ಹಳೆಯ ಮೋಟಾರಿನ ಸ್ಟಿಯರಿಂಗ್ ಕಂಬ: ಮನೆಯಲ್ಲಿ ದುರಸ್ತಿಯೋ, ಕಾರ್ಖಾನೆಯಲ್ಲಿಯೋ?

ಮೋಟಾರು ಗಾಡಿಯ ಎಂಜಿನು ನಡುದಾರಿಯಲ್ಲಿ ಕೆಟ್ಟರೆ ಗಾಡಿ ನಿಲ್ಲುತ್ತದೆ. ಪ್ರಯಾಣ ತಪ್ಪುತ್ತದೆಯೇ ಹೊರತು ಪ್ರಾಣಕ್ಕೆ ಭಯವಿಲ್ಲ. ಕಾಲಿನ ಬ್ರೇಕು ಕೈಕೊಟ್ಟರೆ ಕೈಬ್ರೇಕು ಉಂಟು, ಗೇರನ್ನು ಇಳಿಸಿ ವೇಗವನ್ನು ತಗ್ಗಿಸುವ ಉಪಾಯವೂ ಉಂಟು. ಆದರೆ ಸ್ಟಿಯರಿಂಗ್ ಚಕ್ರಕ್ಕೂ ಮುಂದಿನ ಗಾಲಿಗಳಿಗೂ ಇರುವ ಸಂಬಂಧವು ಕಡಿದುಹೋದರೆ, ಅದಕ್ಕೆ ಬದಲಾಗಿ ನಿಲ್ಲಬಲ್ಲದ್ದು ಗಾಡಿಯಲ್ಲಿ ಬೇರೆ ಯಾವುದೂ ಇಲ್ಲ. ಹಳೆಯ ಗಾಡಿಗಳನ್ನು ಕೊಂಡು ಅವುಗಳಿಗೆ ಮತ್ತೆ ಜೀವ ಕೊಡುವ ಹವ್ಯಾಸವುಳ್ಳವರು ಬಣ್ಣಕ್ಕೂ ನಿಕ್ಕಲ್ ಲೇಪಕ್ಕೂ ತಿಂಗಳುಗಟ್ಟಲೆ ಶ್ರಮಪಡುತ್ತಾರೆ. ಸ್ಟಿಯರಿಂಗ್ ಕಂಬಕ್ಕೆ ಮಾತ್ರ ಒಂದು ಕೈ ಕಪ್ಪು ಬಣ್ಣ ಬಳಿದು ಮುಗಿಸುವುದನ್ನು ನಾವು ಕಂಡಿದ್ದೇವೆ. ಈ ಕಂಬದೊಳಗೆ ನಡೆಯುವ ಭೌತಿಕ ಕ್ರಿಯೆಗಳೇನು, ಅದರ ದುರಸ್ತಿಯಲ್ಲಿ ಯಾವ ಭಾಗವನ್ನು ನಾವೇ ಮಾಡಿಕೊಳ್ಳಬಹುದು, ಯಾವುದನ್ನು ನುರಿತವರ ಕೈಗೆ ಒಪ್ಪಿಸಲೇಬೇಕು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಈಗ ಕಾನೂನಿನ ಮನ್ನಣೆಯೂ ದೊರೆತಿದೆ. ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಒಡಲು ಎಂಜಿನುಗಳಲ್ಲಿ ಮುಖ್ಯ ಮಾರ್ಪಾಡಿಲ್ಲದ ಖಾಸಗಿ ಗಾಡಿಗಳನ್ನು ‘ವಿಂಟೇಜ್’ ಎಂದು ಬೇರೆಯಾಗಿ ನೋಂದಾಯಿಸುವ ನಿಯಮಗಳನ್ನು ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿತು. ಅವುಗಳ ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಫಲಕವು ಗಾಡಿಯ ವಯಸ್ಸನ್ನು ಹೇಳೀತು. ಅದರೊಳಗಿನ ಉಕ್ಕಿನ ವಯಸ್ಸನ್ನು ನಾವೇ ಪರೀಕ್ಷಿಸಿ ತಿಳಿಯಬೇಕು.

ಉದಾಹರಣೆಗೆ ಮಾರಿಸ್ ಮೈನರ್ ಗಾಡಿಯನ್ನು ತೆಗೆದುಕೊಳ್ಳೋಣ. ಅಲೆಕ್ ಇಸ್ಸಿಗೋನಿಸ್ ಎಂಬ ಇಂಜಿನಿಯರು ರೂಪಿಸಿದ ಈ ಗಾಡಿಯು 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದು, 16 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ನಮ್ಮ ದೇಶದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಇದನ್ನೇ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಿಂದ ಹೊರತಂದರು. ಇದರ ಅಣ್ಣನೆನ್ನಬಹುದಾದ ಮಾರಿಸ್ ಆಕ್ಸ್‌ಫರ್ಡ್ ಗಾಡಿಯೇ 2014ರವರೆಗೆ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ನಮ್ಮ ಅಂಬಾಸಿಡರ್. ಎರಡರಲ್ಲಿಯೂ ಸ್ಟಿಯರಿಂಗಿನ ಏರ್ಪಾಡು ಒಂದೇ ಜಾತಿಯದು. ಆದುದರಿಂದ ಇಲ್ಲಿ ಹೇಳುವ ಸಂಗತಿಗಳಲ್ಲಿ ಬಹುಪಾಲು ಅಂಬಾಸಿಡರಿಗೂ ಅನ್ವಯಿಸುತ್ತವೆ.

ಏರ್ಪಾಡು ಸರಳವಾದುದು. ಹೊರಗೆ ಕಾಣುವ ಕಂಬವು ಬರಿಯ ಕೊಳವೆ, ಅದು ತಿರುಗುವುದಿಲ್ಲ. ಅದರೊಳಗೆ ಉಕ್ಕಿನ ದಂಡವೊಂದು ಹಾದುಹೋಗುತ್ತದೆ. ದಂಡದ ಮೇಲ್ತುದಿಗೆ ಸ್ಟಿಯರಿಂಗ್ ಚಕ್ರವನ್ನು ಹಲ್ಲುಗೀರುಗಳ ಮೇಲೆ ಕೂರಿಸಿ ನಟ್ಟಿನಿಂದ ಬಿಗಿದಿರುತ್ತಾರೆ. ಕೆಳತುದಿಯನ್ನು ‘ಪಿನಿಯನ್’ ಎಂಬ ಪುಟ್ಟ ಹಲ್ಲುಗಾಲಿಯ ದಂಡಕ್ಕೆ ಹಿಡಿಕೆ ಬೋಲ್ಟಿನಿಂದ ಸೇರಿಸಿರುತ್ತಾರೆ. ಪಿನಿಯನ್ನಿನ ಹಲ್ಲುಗಳು ‘ರ‍್ಯಾಕ್’ ಎಂಬ ಹಲ್ಲಿನ ಸಲಾಕೆಯನ್ನು ಕಚ್ಚಿಕೊಂಡಿವೆ. ಚಕ್ರವು ತಿರುಗಿದಾಗ ಸಲಾಕೆಯು ಎಡಬಲಕ್ಕೆ ಸರಿದು, ಎರಡು ತುದಿಗಳ ತೋಳುಗಳ ಮೂಲಕ ಮುಂದಿನ ಗಾಲಿಗಳನ್ನು ಹೊರಳಿಸುತ್ತದೆ. ಕೊಳವೆಯ ಮೇಲ್ತುದಿಯಲ್ಲಿ ದಂಡವು ಅಲುಗಾಡದಂತೆ ಹಿಡಿಯಲು ಇರುವುದು ಎಣ್ಣೆಯಲ್ಲಿ ನೆನೆಸಿದ ಫೆಲ್ಟಿನ, ಎಂದರೆ ಒತ್ತಿ ಗಟ್ಟಿಮಾಡಿದ ಉಣ್ಣೆಯ, ಒಂದು ಬುಷ್ಷು ಮಾತ್ರ!

ಹಳೆಯ ಗಾಡಿಯನ್ನು ಓಡಿಸುವವರ ಮೊದಲ ದೂರು ‘ಪ್ಲೇ’. ಎಂದರೆ, ಚಕ್ರವನ್ನು ಸ್ವಲ್ಪ ತಿರುಗಿಸಿದರೂ ಗಾಲಿಗಳು ಮಿಸುಕದಿರುವ ಸಡಿಲ. ಇದು ಎಷ್ಟಿದ್ದರೆ ಎಷ್ಟು ಅಪಾಯವೆಂಬುದನ್ನು ಲೆಕ್ಕಹಾಕಬಹುದು. ಸ್ಟಿಯರಿಂಗ್ ಚಕ್ರದ ತ್ರಿಜ್ಯವು 20 ಸೆಂಟಿಮೀಟರು, ಅದರ ಅಂಚಿನಲ್ಲಿ ಅಳೆದ ಸಡಿಲವು 2 ಸೆಂಟಿಮೀಟರು ಎನ್ನೋಣ. ಆಗ ಕೋನವು ಹತ್ತರಲ್ಲೊಂದು ರೇಡಿಯನ್, ಅಂದರೆ ಸುಮಾರು 6 ಡಿಗ್ರಿ. ಚಕ್ರವು 14 ಡಿಗ್ರಿ ತಿರುಗಿದರೆ ಗಾಲಿಯು 1 ಡಿಗ್ರಿ ಹೊರಳುತ್ತದೆಂದು ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಂಡರೆ, ಗಾಲಿಯ ಹೊರಳಿಕೆ ಅರ್ಧ ಡಿಗ್ರಿಗಿಂತಲೂ ಕಡಿಮೆ. ಇಷ್ಟರಿಂದ ಏನಾದೀತು ಎಂದು ತೋರಬಹುದು. ಆದರೆ ಮೈನರಿನ ಮುಂದಣ ಹಿಂದಣ ಗಾಲಿಗಳ ನಡುವಿನ ಅಂತರ 218 ಸೆಂಟಿಮೀಟರು. ಇಷ್ಟು ಹೊರಳಿದ ಗಾಲಿಗಳು ಗಾಡಿಯನ್ನು ಸುಮಾರು 305 ಮೀಟರು ತ್ರಿಜ್ಯದ ವೃತ್ತದಲ್ಲಿ ಒಯ್ಯುತ್ತವೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿಯು ಸುಮಾರು 17 ಮೀಟರು ಮುಂದುವರಿಯುವುದು. ಅಷ್ಟರಲ್ಲಿ ನೇರ ದಾರಿಯಿಂದ ಪಕ್ಕಕ್ಕೆ ಸರಿಯುವ ದೂರ ಸುಮಾರು 45 ಸೆಂಟಿಮೀಟರು. ಎದುರಿನಿಂದ ಲಾರಿ ಬರುತ್ತಿರುವ ಇಕ್ಕಟ್ಟಾದ ರಸ್ತೆಯಲ್ಲಿ ಅರ್ಧ ಮೀಟರಿನ ಬೆಲೆ ಎಷ್ಟೆಂದು ಚಾಲಕರಿಗೆ ಹೇಳಬೇಕಾಗಿಲ್ಲ.

ಆದರೆ ಈ ಸಡಿಲವೆಲ್ಲ ಕಂಬದಲ್ಲಿಯೇ ಇದೆಯೆಂದು ಭಾವಿಸಿ ಕಂಬವನ್ನು ಬಿಚ್ಚಲು ಹೊರಡುವುದು ಸಲ್ಲದು. ಚಲನೆಯು ಕೈಯಿಂದ ಗಾಲಿಗೆ ಹೋಗುವ ದಾರಿಯಲ್ಲಿ ಐದಾರು ಜಾಯಿಂಟುಗಳಿವೆ. ಸಡಿಲವೆಂಬುದು ಅವೆಲ್ಲವುಗಳ ಸವೆತದ ಮೊತ್ತ. ಯಾವುದರಲ್ಲಿ ಎಷ್ಟು ಕಳೆದುಹೋಗುತ್ತಿದೆ ಎಂದು ಕಂಡುಹಿಡಿಯಲು ಉಪಕರಣ ಬೇಡ, ಇಬ್ಬರು ಮನುಷ್ಯರು ಸಾಕು. ಒಬ್ಬರು ಕುಳಿತು ಚಕ್ರವನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಎರಡು ಬೆರಳಗಲ ಆಡಿಸುತ್ತಿರಲಿ. ಇನ್ನೊಬ್ಬರು ಮೇಲಿನಿಂದ ಕೆಳಕ್ಕೆ ಒಂದೊಂದೇ ಜಾಯಿಂಟಿನ ಮೇಲೆ, ಅದರ ಎರಡು ಭಾಗಗಳನ್ನೂ ಮುಟ್ಟುವಂತೆ, ಬೆರಳಿಡಲಿ. ಒಂದು ಭಾಗ ಚಲಿಸಿ ಇನ್ನೊಂದು ತಡವಾಗಿ ಹೊರಟರೆ ಅಲ್ಲಿಯೇ ಸವೆತ. ಬೆರಳ ತುದಿಯ ಸ್ಪರ್ಶಜ್ಞಾನವು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ತಟಪಟವನ್ನೂ ಗುರುತಿಸಬಲ್ಲದು. ಹೀಗೆ ಹುಡುಕಿದಾಗ ಬಹುಮಟ್ಟಿಗೆ ದೋಷವು ಕೆಳಗಿನ ತೋಳುಗಳ ಗುಂಡು ಜಾಯಿಂಟುಗಳಲ್ಲಿಯೋ, ಗಾಲಿಯು ಹೊರಳುವ ಮೊಳೆಯಲ್ಲಿಯೋ ಸಿಕ್ಕುತ್ತದೆ. ಮೈನರಿನ ಈ ಮೊಳೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಅದರ ಕೆಳತುದಿಯು ಮರೆಯೊಂದರಲ್ಲಿ ತಿರುಪಿನಂತೆ ಕೂತಿರುವುದು. ಕಾಲಕಾಲಕ್ಕೆ ಗ್ರೀಸು ಬೀಳದೆ ಮರೆಯು ಸವೆದರೆ, ಒಂದು ದಿನ ಮೊಳೆಯು ಕಳಚಿ ಗಾಲಿಯೇ ಒಳಕ್ಕೆ ಮಡಚಿಕೊಳ್ಳುತ್ತದೆ. ಕಂಬವನ್ನು ಎಷ್ಟು ಚೆನ್ನಾಗಿ ದುರಸ್ತಿಮಾಡಿದರೂ ಇದು ತಪ್ಪುವುದಿಲ್ಲ.

ಕಂಬದಲ್ಲಿಯೇ ದೋಷವೆಂದು ಗೊತ್ತಾದ ಮೇಲೆ ಬಿಚ್ಚುವ ಕೆಲಸ. ಮೊದಲು ಬ್ಯಾಟರಿಯ ತಂತಿಯನ್ನು ತೆಗೆದಿಡಬೇಕು. ತಿರುವು ಸೂಚಕದ ತಂತಿಗಳು ಚಕ್ರದ ಬಳಿಗೇ ಬರುತ್ತವೆ. (ಮೈನರಿನಲ್ಲಿ ಮೂಲತಃ ಬ್ಯಾಟರಿಯ ಧನಧ್ರುವವೇ ಗಾಡಿಯ ಒಡಲಿಗೆ ಸೇರಿದ್ದುದು, ಅನೇಕ ಗಾಡಿಗಳಲ್ಲಿ ಇದನ್ನು ಮುಂದೆ ತಿರುಗುಮುರುಗು ಮಾಡಿರುವುದುಂಟು. ನೋಡಿಯೇ ನಂಬಬೇಕು.) ಗಾಲಿಗಳನ್ನು ನೇರಕ್ಕೆ ನಿಲ್ಲಿಸಿ, ದಂಡಕ್ಕೂ ಚಕ್ರದ ಗುಬ್ಬಕ್ಕೂ ಸೇರಿದಂತೆ ಗುರುತು ಹಾಕಿಕೊಂಡು, ಆಮೇಲೆ ನಟ್ಟನ್ನು ಸಡಿಲಿಸಬೇಕು. ವರ್ಷಗಟ್ಟಲೆ ಕೂತ ಚಕ್ರವು ಸುಲಭವಾಗಿ ಮೇಲೇಳುವುದಿಲ್ಲ. ಇಲ್ಲಿಯೇ ಸುತ್ತಿಗೆಯ ಮೇಲೆ ಕೈಹೋಗುವುದು. ಸುತ್ತಿಗೆಯ ಪೆಟ್ಟು ಅತ್ಯಲ್ಪ ಕಾಲದಲ್ಲಿ ಮುಗಿಯುವುದರಿಂದ ಆ ಕ್ಷಣದ ಬಲವು ಬಹಳ ದೊಡ್ಡದಾಗಿ, ದಂಡದ ತುದಿಯ ತಿರುಪು ಅರಳಿಕೊಳ್ಳುತ್ತದೆ. ಎರಡು ಕೊಕ್ಕೆಗಳ ನಡುವೆ ತಿರುಪು ಮೊಳೆಯುಳ್ಳ ಎಳೆಸಾಧನವನ್ನು, ‘ಪುಲ್ಲರ್’ ಎಂದು ಅಂಗಡಿಗಳಲ್ಲಿ ಸಿಕ್ಕುವುದನ್ನು, ಉಪಯೋಗಿಸಿದರೆ ಅಷ್ಟೇ ಕೆಲಸ ನಿಧಾನವಾದ ಸಮಬಲದಿಂದ ಆಗುತ್ತದೆ. ಕೆಳಗಿನ ಹಿಡಿಕೆಯ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಇಂಥ ಹಲವು ಗಾಡಿಗಳಲ್ಲಿ ಆ ಬೋಲ್ಟು ಪಿನಿಯನ್ ದಂಡದ ಒಂದು ಕಚ್ಚಿನಲ್ಲಿ ಹಾದುಹೋಗಿ, ಹಿಡಿಕೆ ಸಡಿಲವಾದರೂ ದಂಡವು ಜಾರಿ ಬೀಳದಂತೆ ತಡೆಯುತ್ತಿರುತ್ತದೆ. ಇದು ಹಿಂದಿನವರು ನಮಗಾಗಿ ಇಟ್ಟ ಕಾವಲು. ಮತ್ತೆ ಜೋಡಿಸುವಾಗ ಅದು ಕಚ್ಚಿನಲ್ಲಿಯೇ ಕೂತಿತೆಂದು ಖಾತ್ರಿ ಮಾಡಿಕೊಳ್ಳಬೇಕು.

ಬಿಚ್ಚಿದ ದಂಡವನ್ನು ಬೆಳಕಿನಲ್ಲಿ ನೋಡಿದಾಗ ಎದ್ದುಕಾಣುವುದು ತುಕ್ಕು. ಕೊಂಚ ತುಕ್ಕೆಂದು ಉಪ್ಪುಕಾಗದದಿಂದ ಉಜ್ಜಿ ಬಿಡಬಹುದೆ? ಇದಕ್ಕೆ ಉತ್ತರವು ತಿರುಚಿನ ನಿಯಮದಲ್ಲಿದೆ. ದಂಡವೊಂದನ್ನು ತಿರುಚಿದಾಗ ಅದರ ಅಡ್ಡಕೊಯ್ತದ ಎಲ್ಲ ಭಾಗಗಳೂ ಒಂದೇ ಸಮನಾಗಿ ಶ್ರಮಿಸುವುದಿಲ್ಲ. ನಡುವಿನ ಅಕ್ಷದಲ್ಲಿ ಪೀಡನೆ ಶೂನ್ಯ, ಹೊರಮೈಯಲ್ಲಿ ಅತ್ಯಧಿಕ. ಅರ್ಧ ತ್ರಿಜ್ಯದ ಒಳಗಿರುವ ಉಕ್ಕು ಹೊರುವ ಪಾಲು ಒಟ್ಟಿನ ಹದಿನಾರನೆಯ ಒಂದು ಭಾಗ ಮಾತ್ರ. ಈ ಕಾರಣದಿಂದಲೇ ಕೊಳವೆಯು ಘನದಂಡಕ್ಕಿಂತ ಹಗುರವಾಗಿದ್ದೂ ಹೆಚ್ಚು ಕಡಿಮೆ ಅಷ್ಟೇ ಗಟ್ಟಿಯಾಗಿರಬಲ್ಲದು. ತುಕ್ಕು ತಿನ್ನುವುದಾದರೋ ಹೊರಮೈಯನ್ನೇ. ಎಂದರೆ, ದುಡಿಯುವ ಉಕ್ಕನ್ನು ತಿಂದು ಸೋಮಾರಿ ಉಕ್ಕನ್ನು ಉಳಿಸುತ್ತದೆ!

ಸಂಖ್ಯೆಗಳಲ್ಲಿ ನೋಡೋಣ. ನಿಂತ ಗಾಡಿಯಲ್ಲಿ ಚಾಲಕನು ಎರಡು ಕೈಗಳಿಂದಲೂ ತಲಾ 150 ನ್ಯೂಟನ್, ಸುಮಾರು 15 ಕಿಲೋಗ್ರಾಂ ತೂಕದಷ್ಟು, ಬಲ ಹಾಕಿದನೆನ್ನೋಣ. 20 ಸೆಂಟಿಮೀಟರು ತ್ರಿಜ್ಯದಲ್ಲಿ ಇದರ ತಿರುಚು 60 ನ್ಯೂಟನ್-ಮೀಟರು. ದಂಡದ ವ್ಯಾಸ 19 ಮಿಲಿಮೀಟರಾದರೆ ಹೊರಮೈಯ ಪೀಡನೆಯು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 45 ನ್ಯೂಟನ್. ಸಾಧಾರಣ ಮೆದು ಉಕ್ಕು ತಿರುಚಿನಲ್ಲಿ ಶಾಶ್ವತವಾಗಿ ಬಾಗಲು ಇದು ಸುಮಾರು 140ಕ್ಕೆ ಏರಬೇಕು, ಆದುದರಿಂದ ಭಯವಿಲ್ಲ. ಈಗ ಸುತ್ತಲೂ 2 ಮಿಲಿಮೀಟರಿನಷ್ಟು ತುಕ್ಕು ತಿಂದು ವ್ಯಾಸವು 15 ಮಿಲಿಮೀಟರಿಗೆ ಇಳಿಯಿತೆಂದುಕೊಳ್ಳಿ. ಪೀಡನೆಯು ವ್ಯಾಸದ ಘನಕ್ಕೆ ವಿಲೋಮವಾಗಿ ಬದಲಾಗುವುದರಿಂದ ಅದು ನೇರವಾಗಿ ಎರಡು ಪಟ್ಟು, 90 ನ್ಯೂಟನ್ ಆಗುತ್ತದೆ. ತುಕ್ಕು ಸಮನಾಗಿ ತಿನ್ನುವುದೂ ಇಲ್ಲ, ಗುಳಿಗುಳಿಯಾಗಿ ತಿನ್ನುತ್ತದೆ. ಒಂದೊಂದು ಗುಳಿಯ ಅಂಚಿನಲ್ಲಿಯೂ ಪೀಡನೆಯು ಇನ್ನೂ ಎರಡು ಮೂರು ಪಟ್ಟು ಏರುವುದುಂಟು. ಮೇಲಾಗಿ ಈ ಹೊರೆ ಒಮ್ಮೆ ಬಂದು ಹೋಗುವುದಲ್ಲ. ಪ್ರತಿ ತಿರುವಿನಲ್ಲಿಯೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬರುವುದು. ಲೋಹದ ದಣಿವು ಎನ್ನುವುದು ಇದನ್ನೇ. ಮೈಮೇಲೆ ಕೆಂಪು ಹುಡಿ ಮಾತ್ರವಿದ್ದು, ಅದನ್ನು ತೆಗೆದಾಗ ಮೈ ನುಣುಪಾಗಿದ್ದರೆ ದಂಡವನ್ನು ಉಳಿಸಿಕೊಳ್ಳಿ. ಉಗುರಿಗೆ ತಗಲುವ ಗುಳಿಗಳಿದ್ದರೆ, ಅದರಲ್ಲಿಯೂ ಹಲ್ಲುಗೀರುಗಳ ಬುಡದಲ್ಲಿದ್ದರೆ, ಬೇರೆ ದಂಡವನ್ನು ಹುಡುಕಿ.

ತುಕ್ಕನ್ನು ತೆಗೆಯಲು ಆಮ್ಲವನ್ನು ಉಪಯೋಗಿಸಬೇಕೆಂದಿಲ್ಲ. ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಾಕಂಬಿಯನ್ನು ಒಂಬತ್ತು ಹತ್ತು ಪಾಲು ನೀರಿನಲ್ಲಿ ಕದಡಿ, ಒಂದೆರಡು ವಾರ ವಸ್ತುವನ್ನು ಮುಳುಗಿಸಿಟ್ಟರೆ ತುಕ್ಕು ಕರಗಿಹೋಗಿ ಉಕ್ಕು ಉಳಿಯುತ್ತದೆ. ವಾಸನೆಯನ್ನು ಸಹಿಸುವ ಮನೆಯವರು ಬೇಕು, ಅಷ್ಟೆ. ಸತುವಿನ ಇಲ್ಲವೆ ಅಲ್ಯೂಮಿನಿಯಮ್ಮಿನ ಎರಕದ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು.

ಕಣ್ಣಿಗೆ ಕಾಣದ ಬಿರುಕುಗಳನ್ನು ಕಾಣಿಸುವ ಉಪಾಯವೊಂದು ಹಿಂದೆ ರೈಲ್ವೆ ಕಾರ್ಖಾನೆಗಳಲ್ಲಿ ಅಚ್ಚುಗಳ ಪರೀಕ್ಷೆಗೆ ಬಳಕೆಯಲ್ಲಿದ್ದಿತು. ಅದನ್ನು ಮನೆಯಲ್ಲಿಯೂ ಮಾಡಬಹುದು. ದಂಡವನ್ನು ಚೆನ್ನಾಗಿ ತೊಳೆದು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಬೇಕು. ಎಣ್ಣೆಯು ಲೋಮನಾಳ ಕ್ರಿಯೆಯಿಂದ ಕೂದಲಿಗಿಂತ ಸಣ್ಣ ಬಿರುಕಿನೊಳಕ್ಕೂ ಇಳಿಯುತ್ತದೆ. ಮಾರನೆಯ ದಿನ ಒಣಬಟ್ಟೆಯಿಂದ ಒರಸಿ, ಸೀಮೆಸುಣ್ಣದ ಹುಡಿಯನ್ನು ತೆಳುವಾಗಿ ಸವರಿ ಬಿಟ್ಟರೆ, ಬಿರುಕಿನೊಳಗಿನ ಎಣ್ಣೆಯು ಮೇಲಕ್ಕೆ ಹೀರಲ್ಪಟ್ಟು ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಗೆರೆ ಕಂಡರೆ ತೀರ್ಪು ಮುಗಿಯಿತು. ಕಾಣದಿದ್ದರೆ ಬಿರುಕಿಲ್ಲವೆಂದು ನೂರಕ್ಕೆ ನೂರು ಹೇಳಲಾಗದು. ದೊಡ್ಡ ಎಂಜಿನ್ ಕಾರ್ಖಾನೆಗಳಲ್ಲಿ ಉಕ್ಕನ್ನು ಕಾಂತಗೊಳಿಸಿ ಕಬ್ಬಿಣದ ನುಣ್ಪುಡಿಯನ್ನು ಚಿಮುಕಿಸಿ ನೋಡುವ ಪರೀಕ್ಷೆಯು ಇದಕ್ಕಿಂತ ಸೂಕ್ಷ್ಮವಾದುದು. ಒಮ್ಮೆ ಅಲ್ಲಿಗೆ ಒಯ್ಯುವುದು ಒಳ್ಳೆಯದೇ.

ಇನ್ನು ನಿರ್ಭಯವಾಗಿ ನಾವೇ ಮಾಡಿಕೊಳ್ಳಬಹುದಾದ ಕೆಲಸಗಳು. ಒಣಗಿದ ಫೆಲ್ಟ್ ಬುಷ್ಷನ್ನು ತೆಗೆದು ಹೊಸದನ್ನು ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿ ಹಾಕುವುದು ಅವುಗಳಲ್ಲಿ ಮೊದಲನೆಯದು. ಒಣ ಬುಷ್ಷಿನಲ್ಲಿ ದಂಡವು ಹಿಡಿದು ಬಿಟ್ಟು, ಹಿಡಿದು ಬಿಟ್ಟು ತಿರುಗುತ್ತದೆ. ನಿಂತ ಮೇಲ್ಮೈಗಳ ಘರ್ಷಣೆಯು ಜಾರುವ ಮೇಲ್ಮೈಗಳ ಘರ್ಷಣೆಗಿಂತ ಹೆಚ್ಚಾದುದೇ ಇದರ ಕಾರಣ. ಕಿರ್ರೆಂಬ ಸದ್ದು ಇದರ ಫಲ. ಸವೆದ ತಂತಿಗಳನ್ನು ಬದಲಿಸುವುದು, ಹೊರಕೊಳವೆಗೆ ಬಣ್ಣ ಹಾಕುವುದು ಇವೂ ಮನೆಯ ಕೆಲಸಗಳೇ.

ಸ್ಟಿಯರಿಂಗ್ ಚಕ್ರದ ಬಿರುಕುಗಳ ವಿಷಯ ಸ್ವಾರಸ್ಯವಾದುದು. ಚಕ್ರದ ಒಳಗೆ ಉಕ್ಕಿನ ಬಳೆ, ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆ. ಅಂಚಿನ ಸುತ್ತಳತೆ ಸುಮಾರು 125 ಸೆಂಟಿಮೀಟರು. ಬಿಸಿಲಿನಲ್ಲಿ ನಿಂತ ಗಾಡಿಯ ಒಳಗೆ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ಇಳಿದರೆ, ಉಕ್ಕಿನ ಬಳೆಯು ಅರ್ಧ ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. ಪ್ಲಾಸ್ಟಿಕ್ಕಾದರೋ ಸುಮಾರು 3 ಮಿಲಿಮೀಟರು ಹಿಗ್ಗಿ ಕುಗ್ಗಬಯಸುತ್ತದೆ. ರಾತ್ರಿ ತಣ್ಣಗಾಗುವಾಗ ಬಳೆಯು ಅದನ್ನು ಕುಗ್ಗಗೊಡುವುದಿಲ್ಲ. ಹತ್ತಾರು ವರ್ಷಗಳ ಈ ಜಗ್ಗಾಟದಲ್ಲಿ ಗೆಲ್ಲುವುದು ಉಕ್ಕು. ಕಡ್ಡಿಗಳು ಸೇರುವ ಕಡೆಗಳಲ್ಲಿ ಹೊದಿಕೆ ಸೀಳುತ್ತದೆ. ಸೀಳನ್ನು ಅರದಿಂದ ಕುತ್ತನೆಯ ತೋಡಾಗಿ ಅಗಲಿಸಿ, ಎಪಾಕ್ಸಿ ಮೆತ್ತಿ, ಗಟ್ಟಿಯಾದ ಮೇಲೆ ಉಜ್ಜಿ ಬಣ್ಣ ಹಾಕಿದರೆ ಚಕ್ರವು ಹೊಸದರಂತಾಗುತ್ತದೆ. ತೋಡುವಾಗ ಒಳಗಿನ ಉಕ್ಕನ್ನು ನೋಡಲು ಸಿಕ್ಕುವ ಅವಕಾಶವನ್ನು ಬಿಡಬಾರದು. ಅಲ್ಲಿಯೂ ತುಕ್ಕು ನುಗ್ಗಿದ್ದರೆ ಆ ಚಕ್ರವು ಗೋಡೆಯ ಅಲಂಕಾರಕ್ಕೆ ಮಾತ್ರ ಯೋಗ್ಯ.

ನಾವು ಕೈಹಾಕಲೇಬಾರದ ಕೆಲಸವೆಂದರೆ ಬೆಸುಗೆ. ಮುರಿದ ಅಥವಾ ಗಿಡ್ಡವಾದ ದಂಡವನ್ನು ಬೀದಿಯ ಅಂಗಡಿಯಲ್ಲಿ ಬೆಸೆಯಿಸಿ ತರುವುದು ನಮ್ಮಲ್ಲಿ ಅಪರೂಪವೇನಲ್ಲ. ಬೆಸುಗೆಯ ಗೆರೆಯು ಗಟ್ಟಿಯಾಗಿಯೇ ಇರಬಹುದು. ಅದರ ಪಕ್ಕದ ಉಕ್ಕು ಕೆಂಪಗೆ ಕಾದು ಬೇಗನೆ ಆರಿದಾಗ ಪೆಡಸಾಗುತ್ತದೆ, ಅಥವಾ ಮೊದಲು ಹದಗೊಳಿಸಿದ್ದ ಉಕ್ಕಾದರೆ ಹದ ಕಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಇದು ತಿಳಿಯದು. ಗಾಲಿಯು ಗುಂಡಿಗೆ ಬಿದ್ದು ಜಗ್ಗಿದಾಗ ಮುರಿಯುವುದು ಈ ಪಟ್ಟಿಯೇ. ಸ್ಟಿಯರಿಂಗಿನ ತೋಳುಗಳಿಗೂ ಬೋಲ್ಟುಗಳಿಗೂ ಹೊಳಪಿನ ಆಸೆಯಿಂದ ಕ್ರೋಮಿಯಂ ಲೇಪ ಮಾಡಿಸುವುದೂ ಇಂಥದೇ ದುಡುಕು. ಲೇಪದ ತೊಟ್ಟಿಯಲ್ಲಿ ಬಿಡುಗಡೆಯಾಗುವ ಜಲಜನಕದ ಪರಮಾಣುಗಳು ಗಟ್ಟಿ ಉಕ್ಕಿನೊಳಕ್ಕೆ ಸೇರಿ ಅದನ್ನು ಗಾಜಿನಂತೆ ಪೆಡಸುಮಾಡುತ್ತವೆ. ಬಲ್ಲವರು ಲೇಪದ ಕೂಡಲೆ ವಸ್ತುವನ್ನು ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಜಲಜನಕವನ್ನು ಹೊರಗಟ್ಟುತ್ತಾರೆ. ಹಾಗೆ ಮಾಡುವಿರಾ ಎಂದು ಲೇಪದವರನ್ನು ಕೇಳಿ ನೋಡಿ. ಅವರ ಮುಖವೇ ಉತ್ತರ ಹೇಳುತ್ತದೆ.

ಮೈನರಿಗಿಂತ ಈಚಿನ ಗಾಡಿಗಳನ್ನು, ಮುಖ್ಯವಾಗಿ 1967ರ ಅನಂತರದ ಅಮೆರಿಕದ ಗಾಡಿಗಳನ್ನು, ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಹಳೆಯ ಏಕಖಂಡ ಕಂಬವು ಡಿಕ್ಕಿಯ ಕಾಲದಲ್ಲಿ ಈಟಿಯಂತೆ ಹಿಂದಕ್ಕೆ ನುಗ್ಗಿ ಚಾಲಕನ ಎದೆಯನ್ನು ಇರಿಯುತ್ತಿದ್ದಿತು. 1965ರಲ್ಲಿ ರಾಲ್ಫ್ ನೇಡರ್ ಅವರ ಪುಸ್ತಕವು ಅಮೆರಿಕದಲ್ಲಿ ಎಬ್ಬಿಸಿದ ಕೋಲಾಹಲಕ್ಕೆ ಇದೂ ಒಂದು ಕಾರಣ. 1967ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್‌ನವರು ಒತ್ತಡಕ್ಕೆ ತಾನೇ ಕುಗ್ಗುವ ಕಂಬವನ್ನು ತಂದರು. 1968ರ ಜನವರಿಯಿಂದ ಅಲ್ಲಿನ ಸರ್ಕಾರದ ನಿಯಮಗಳು ಜಾರಿಗೆ ಬಂದುವು: ಗಂಟೆಗೆ 48 ಕಿಲೋಮೀಟರು ವೇಗದಲ್ಲಿ ಗೋಡೆಗೆ ಬಡಿದಾಗ ಕಂಬವು 127 ಮಿಲಿಮೀಟರಿಗಿಂತ ಹೆಚ್ಚು ಹಿಂದಕ್ಕೆ ನುಗ್ಗಬಾರದು, ಗಂಟೆಗೆ 24 ಕಿಲೋಮೀಟರು ವೇಗದಲ್ಲಿ ಮನುಷ್ಯನ ಮುಂಡದಂಥ ಅಚ್ಚನ್ನು ಬಡಿಸಿದಾಗ ಬಲವು 11,120 ನ್ಯೂಟನ್ನುಗಳನ್ನು ಮೀರಬಾರದು. ಇದರ ಹಿಂದಿನ ಲೆಕ್ಕ ಸುಲಭ. 35 ಕಿಲೋಗ್ರಾಂ ತೂಗುವ ಮುಂಡಕ್ಕೆ ಈ ವೇಗದಲ್ಲಿ ಸುಮಾರು 780 ಜೂಲ್ ಚಲನಶಕ್ತಿಯಿರುವುದು. ಅದನ್ನು 2 ಸೆಂಟಿಮೀಟರಿನಲ್ಲಿ ತಡೆದರೆ ಸರಾಸರಿ ಬಲ 39,000 ನ್ಯೂಟನ್. 15 ಸೆಂಟಿಮೀಟರು ಕುಗ್ಗುತ್ತ ತಡೆದರೆ 5,200 ಮಾತ್ರ.

ಇಂಥ ಕಂಬಗಳಲ್ಲಿ ದಂಡದ ಎರಡು ಭಾಗಗಳನ್ನು ಪ್ಲಾಸ್ಟಿಕ್ಕಿನ ಪುಟ್ಟ ಮೊಳೆಗಳು ಹಿಡಿದಿರುತ್ತವೆ; ಡಿಕ್ಕಿಯಾದಾಗ ಅವು ಕತ್ತರಿಸಿಹೋಗಿ ದಂಡವು ಒಂದರೊಳಗೊಂದು ಜಾರುತ್ತದೆ. ಚಕ್ರವನ್ನು ಬಿಚ್ಚಲು ದಂಡದ ತುದಿಗೆ ಸುತ್ತಿಗೆಯಿಂದ ಹೊಡೆದರೆ ಅದೇ ಮೊಳೆಗಳು ಅಲ್ಲಿಯೇ ಕತ್ತರಿಸಿಹೋಗುತ್ತವೆ. ಹಾಗೆ ಸಡಿಲವಾದ ದಂಡವನ್ನು ‘ಗಟ್ಟಿಮಾಡಲು’ ಯಾರಾದರೂ ಬೆಸೆದರೆಂದರೆ, ಈಟಿಯು ಮತ್ತೆ ತಯಾರಾಯಿತು. ಗಾಡಿ ನೇರವಾಗಿ ಓಡುತ್ತದೆ, ಪ್ಲೇ ಇರುವುದಿಲ್ಲ, ಯಜಮಾನರು ಸಂತೋಷವಾಗಿರುತ್ತಾರೆ. ದೋಷವು ತೋರುವುದು ಡಿಕ್ಕಿಯಾದ ದಿನ. ಆದುದರಿಂದ ಕುಗ್ಗುವ ಕಂಬವನ್ನು ಒಳಭಾಗದವರೆಗೆ ಬಿಚ್ಚುವ ಕೆಲಸವು ಆ ಮಾದರಿಯ ಕೈಪಿಡಿಯನ್ನೂ ಅಳತೆಗಳನ್ನೂ ಇಟ್ಟುಕೊಂಡ ವೃತ್ತಿನಿರತರಿಗೇ ಸೇರಿದ್ದೆಂಬುದು ನಮ್ಮ ಖಚಿತ ಅಭಿಪ್ರಾಯ.

ವೃತ್ತಿನಿರತರನ್ನು ಆರಿಸುವಾಗಲೂ ಹೆಸರು ನೋಡಿದರೆ ಸಾಲದು. ಬಿಚ್ಚಿದ ಭಾಗಗಳನ್ನು ತೋರಿಸುತ್ತಾರೆಯೆ, ಬಿರುಕಿನ ಪರೀಕ್ಷೆ ಮಾಡಿಸುತ್ತಾರೆಯೆ, ಹಳೆಯ ಸೀಳು ಪಿನ್ನುಗಳನ್ನು ತಿರುಗಿ ಹಾಕದೆ ಹೊಸದನ್ನೇ ಹಾಕುತ್ತಾರೆಯೆ ಎಂದು ವಿಚಾರಿಸಬೇಕು. ಅಂಬಾಸಿಡರಿನ ಬಿಡಿಭಾಗಗಳು ಬೆಂಗಳೂರಿನ ಜೆ. ಸಿ. ರಸ್ತೆಯಂಥ ಕಡೆಗಳಲ್ಲಿ ವಿಚಾರಿಸತಕ್ಕವು. ಬುಷ್ಷು ದೊರೆಯದಿದ್ದರೆ ಒಳ್ಳೆಯ ಲೇತ್ ಕೆಲಸಗಾರರು ಕಂಚಿನಲ್ಲಿ ಕಡೆದು ಕೊಡಬಲ್ಲರು. ಪಿನಿಯನ್ನಿನ ಹಲ್ಲುಗಳನ್ನು ಮಾತ್ರ ಹಾಗೆ ಮಾಡಿಸಲು ಹೋಗಬಾರದು; ಅವುಗಳ ಆಕಾರದ ಜೊತೆಗೆ ಮೇಲ್ಮೈಯ ಹದವೂ ಮುಖ್ಯ.

ಎಲ್ಲವೂ ಜೋಡಣೆಯಾದ ಮೇಲೆ ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಭದ್ರವಾದ ಆಧಾರಗಳನ್ನು ಕೊಟ್ಟು, ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಎರಡೇ ಬೆರಳುಗಳಿಂದ ತಿರುಗಿಸಿ ನೋಡಬೇಕು. ಎಲ್ಲಿಯೂ ಹಿಡಿಯಕೂಡದು. ಸಡಿಲವನ್ನು ಹೋಗಲಾಡಿಸುವ ಆತುರದಲ್ಲಿ ರ‍್ಯಾಕನ್ನು ಅತಿಯಾಗಿ ಬಿಗಿದಿದ್ದರೆ ಅದು ಕೊನೆಗಳ ಸಮೀಪದಲ್ಲಿ ಬಿಗಿಯಾಗುತ್ತದೆ. ಹಲ್ಲುಗಳು ನಡುವಿನಲ್ಲಿ ಹೆಚ್ಚು ಸವೆದು ಕೊನೆಗಳಲ್ಲಿ ಹೊಸದರಂತೆ ಉಳಿದಿರುವುದೇ ಇದರ ಕಾರಣ. ಹಾಗಾದರೆ ಬಿಗಿಯನ್ನು ತಗ್ಗಿಸಿ, ನಡುವಿನಲ್ಲಿ ಉಳಿಯುವ ಅಲ್ಪ ಸಡಿಲವನ್ನು ಒಪ್ಪಿಕೊಳ್ಳಬೇಕು, ಅಥವಾ ರ‍್ಯಾಕನ್ನೇ ಬದಲಿಸಬೇಕು. ತಿರುವಿನ ಅನಂತರ ತಾನಾಗಿ ನೇರಕ್ಕೆ ಮರಳದ ಗಾಡಿಯು ಸಡಿಲವಾದ ಗಾಡಿಗಿಂತ ಅಪಾಯಕಾರಿ. ಮೊದಲ ಓಟವು ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ ನಡೆಯಲಿ. 100 ಕಿಲೋಮೀಟರು ಓಡಿದ ಮೇಲೆ ಕೆಳಗಿನ ಹಿಡಿಕೆಯ ಬೋಲ್ಟನ್ನೂ ಚಕ್ರದ ನಟ್ಟನ್ನೂ ಇನ್ನೊಮ್ಮೆ ಸ್ಪ್ಯಾನರು ಹಾಕಿ ನೋಡಬೇಕು. ಹೊಸದಾಗಿ ಕೂರಿಸಿದ ಹಲ್ಲುಗೀರುಗಳು ಅಷ್ಟರಲ್ಲಿ ತಮ್ಮ ಜಾಗವನ್ನು ಕಂಡುಕೊಂಡು ತುಸು ಸಡಿಲವಾಗಿರುವುದುಂಟು.